ಸ್ಟುಡಿಯೊದ ದನಿ ಟ್ರಾನ್ಸ್‌ಮಿಟರ್ ಮುಟ್ಟುವ ಬಗೆ

ಎಫ್‌ಎಂ ನಿಲಯವೊಂದು ದಿನವಿಡೀ ಎರಡು ಪ್ರಸಾರ ಮಾಡುತ್ತಿರುತ್ತದೆ. ಒಂದು ಊರಿಗೆಲ್ಲ ಕೇಳುವಂಥದ್ದು. ಇನ್ನೊಂದಕ್ಕೆ ಇರುವುದು ಒಬ್ಬನೇ ಕೇಳುಗ: ಗುಡ್ಡದ ಮೇಲೋ ಊರಾಚೆಯ ಟವರ್‌ ಬುಡದಲ್ಲೋ ಕೂತಿರುವ ಒಂದು ರಿಸೀವರ್. ಸ್ಟುಡಿಯೊದಲ್ಲಿ ಹುಟ್ಟಿದ ದನಿ ಈ ಎರಡನೆಯ ದಾರಿ ಹಿಡಿದು ಟ್ರಾನ್ಸ್‌ಮಿಟರ್ ತಲುಪಿದ ಮೇಲಷ್ಟೇ ಊರಿಗೆ ಏನಾದರೂ ಕೇಳಿಸುವುದು. ಪ್ರಸಾರದ ಎಂಜಿನಿಯರ್‌ಗಳು ಇದನ್ನು ಸ್ಟುಡಿಯೊ–ಟ್ರಾನ್ಸ್‌ಮಿಟರ್ ಲಿಂಕ್, ಚಿಕ್ಕದಾಗಿ ಎಸ್‌ಟಿಎಲ್ ಎನ್ನುತ್ತಾರೆ. ಟ್ರಾನ್ಸ್‌ಮಿಟರ್‌ಗೆ ಬದಲಿ ಇರುತ್ತದೆ, ಕರೆಂಟು ಹೋದರೆ ಜನರೇಟರ್ ಇರುತ್ತದೆ. ಲಿಂಕ್ ಮಾತ್ರ ಎಷ್ಟೋ ಕಡೆ ಒಂದೇ. ಅದು ಕೈಕೊಟ್ಟಾಗ 10 ಕಿಲೋವಾಟ್‌ನ ಟ್ರಾನ್ಸ್‌ಮಿಟರ್ 10 ಕಿಲೋವಾಟ್ ಮೌನವನ್ನು ಬಿತ್ತರಿಸುತ್ತದೆ.

ಸ್ಟುಡಿಯೊ, ಟವರ್ ಎರಡನ್ನೂ ಒಂದೇ ಕಡೆ ಇಟ್ಟುಬಿಟ್ಟರೆ ಈ ಗೊಡವೆಯೇ ಇಲ್ಲ. ಆದರೆ ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ಕಣ್ಣಳತೆಯ ದಾರಿಯಲ್ಲಿ ಸಾಗುವುದರಿಂದ ಆಂಟೆನಾಗೆ ಎತ್ತರ ಬೇಕು. ಮೀಡಿಯಂ ವೇವ್‌ಗೆ ಎತ್ತರಕ್ಕಿಂತ ವಿಶಾಲವಾದ, ತೇವ ಉಳಿಯುವ ನೆಲ ಬೇಕು. ಅಲ್ಲಿ ಮಣ್ಣಿನಡಿ ಹುಗಿದ ತಾಮ್ರದ ತಂತಿಗಳೂ ಆಂಟೆನಾದ ಭಾಗವೇ. ಸ್ಟುಡಿಯೊಗೆ ಬೇಕಾದದ್ದು ಜನ ಸುಲಭವಾಗಿ ಬಂದುಹೋಗುವ ಜಾಗ. ಇವೆಲ್ಲ ಒಂದೇ ನಿವೇಶನದಲ್ಲಿ ಕೂಡಿಬರುವುದು ಅಪರೂಪ. ನಡುವಿನ ದೂರಕ್ಕೆ ಹಿಂದೆ ದೂರವಾಣಿ ಕಂಪನಿಯ ಬಾಡಿಗೆ ಲೈನುಗಳಿದ್ದವು, ಆಮೇಲೆ ಐಎಸ್‌ಡಿಎನ್ ಎಂಬ ಡಿಜಿಟಲ್ ದೂರವಾಣಿ ಲೈನು ಬಂತು, ಈಗ ಫೈಬರ್ ಇದೆ. ಫೈಬರ್ ಬರುವ ಜಾಗಕ್ಕೆ ಫೈಬರ್ ಒಳ್ಳೆಯದೇ. ಆದರೆ ಗುಡ್ಡದ ತುದಿಗೆ ಅದು ಬರುವುದೇ ಅನುಮಾನ. ಬಂದರೂ ರಸ್ತೆ ಅಗೆಯುವ ಯಂತ್ರದ ಒಂದು ಏಟಿಗೆ ಕಡಿದುಹೋಗುತ್ತದೆ, ಸರಿಪಡಿಸುವುದು ಇನ್ನೊಬ್ಬರ ಕೈಯಲ್ಲಿರುತ್ತದೆ. ಎರಡೂ ತುದಿ ನಮ್ಮ ಕೈಯಲ್ಲೇ ಇರುವ ನಿಸ್ತಂತು ಲಿಂಕ್ ಇವತ್ತಿಗೂ ಉಳಿದುಕೊಂಡಿರುವುದು ಇದಕ್ಕೇ.

ಮೊದಲು ಪ್ರೊಸೆಸರ್ ಎಲ್ಲಿ ಎಂದು ಕೇಳಿ

ಲಿಂಕ್ ಹಾಕಲು ಹೊರಟವರು ಮೊದಲು ದೂರ ಎಷ್ಟು ಎನ್ನುತ್ತಾರೆ. ಅದಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಆಡಿಯೊ ಪ್ರೊಸೆಸರ್ ಎಲ್ಲಿ ಕೂರುತ್ತದೆ ಎಂಬುದು. ದನಿಯ ಏರಿಳಿತವನ್ನು ಬಿಗಿಗೊಳಿಸಿ, ಅತಿ ಜೋರಾದ ತುದಿಗಳನ್ನು ಕತ್ತರಿಸಿ, ಎಫ್‌ಎಂನ ±75 ಕಿಲೋಹರ್ಟ್ಸ್ ಡೀವಿಯೇಶನ್ (ದನಿಗೆ ತಕ್ಕಂತೆ ಆವರ್ತನ ಆಚೀಚೆ ಸರಿಯುವ ಅಳತೆ) ಮಿತಿಯೊಳಗೆ ಆದಷ್ಟು ಜೋರಾಗಿ ಕೇಳುವಂತೆ ಮಾಡುವ ಪೆಟ್ಟಿಗೆ ಅದು. ಅದು ಸ್ಟುಡಿಯೊದಲ್ಲಿದ್ದರೆ ಲಿಂಕ್ ಹೊರಬೇಕಾದದ್ದು ಒಂದು, ಟವರ್‌ ಬಳಿ ಇದ್ದರೆ ಹೊರಬೇಕಾದದ್ದೇ ಬೇರೆ.

ಸ್ಟುಡಿಯೊದಲ್ಲಿದ್ದರೆ ಸಾಮಾನ್ಯವಾಗಿ ಎಡ–ಬಲದ ದನಿಗಳನ್ನು ಒಂದೇ ಸಿಗ್ನಲ್ ಆಗಿ ಹೆಣೆಯುವ ಸ್ಟೀರಿಯೊ ಜನರೇಟರ್ ಕೂಡ ಅಲ್ಲೇ ಇರುತ್ತದೆ. ಆಗ ಲಿಂಕ್ ಮೇಲೆ ಹೋಗುವುದು ಎಂಪಿಎಕ್ಸ್ ಅಥವಾ ಕಾಂಪೊಸಿಟ್ ಸಿಗ್ನಲ್: ಎಡ–ಬಲಗಳ ಮೊತ್ತ 15 ಕಿಲೋಹರ್ಟ್ಸ್‌ವರೆಗೆ, 19ರಲ್ಲಿ ಸ್ಟೀರಿಯೊ ಇದೆ ಎಂದು ರೇಡಿಯೊಗೆ ತಿಳಿಸುವ ಪೈಲಟ್, ಎಡದಿಂದ ಬಲ ಕಳೆದ ವ್ಯತ್ಯಾಸ 38ರ ಆಚೀಚೆ 23ರಿಂದ 53ರವರೆಗೆ, 57ರಲ್ಲಿ ನಿಲಯದ ಹೆಸರಿನಂಥ ಮಾಹಿತಿ ಒಯ್ಯುವ ಆರ್‌ಡಿಎಸ್. ಒಂದೇ ಕೇಬಲ್, ಒಂದೇ ಲಿಂಕ್. ಟವರ್‌ ಬಳಿ ರಿಸೀವರ್‌ನಿಂದ ನೇರ ಎಕ್ಸೈಟರ್‌ಗೆ, ಅಂದರೆ ಪ್ರಸಾರದ ಅಲೆ ಹುಟ್ಟಿಸುವ ಟ್ರಾನ್ಸ್‌ಮಿಟರ್‌ನ ಮೊದಲ ಹಂತಕ್ಕೆ. ಸರಳ ಎನಿಸುತ್ತದೆ, ಆದರೆ ಇಲ್ಲಿ ನಿಖರತೆಗೆ ರಿಯಾಯಿತಿ ಇಲ್ಲ. ರೇಡಿಯೊದಲ್ಲಿ ಎಡ–ಬಲ ಮತ್ತೆ ಬೇರೆಯಾಗುವುದು ಮೊತ್ತ ಮತ್ತು ವ್ಯತ್ಯಾಸಗಳನ್ನು ಕೂಡಿ ಕಳೆದೇ. ಈ ಎರಡರ ಮಟ್ಟದಲ್ಲಿ ಶೇ 2ರಷ್ಟು, ಎಂದರೆ 0.17 ಡಿಬಿಯಷ್ಟು (ಡಿಬಿ ಅಥವಾ ಡೆಸಿಬೆಲ್ ಎಂದರೆ ಎರಡು ಮಟ್ಟಗಳ ಅನುಪಾತದ ಅಳತೆ) ಹೆಚ್ಚುಕಡಿಮೆಯಾದರೆ ಸ್ಟೀರಿಯೊ ಬೇರ್ಪಡಿಕೆ 40 ಡಿಬಿಗೆ ಇಳಿಯುತ್ತದೆ. ಮಟ್ಟ ಸರಿಯಿದ್ದು ಫೇಸ್, ಅಂದರೆ ಎರಡು ಅಲೆಗಳ ಹೊಂದಿಕೆ, ಒಂದು ಡಿಗ್ರಿ ತಪ್ಪಿದರೂ ಸಿಗುವುದು 41 ಡಿಬಿ ಅಷ್ಟೇ. ಹಾಗಾಗಿ ಕಾಂಪೊಸಿಟ್ ಲಿಂಕ್ ಸುಮಾರು 100 ಕಿಲೋಹರ್ಟ್ಸ್‌ವರೆಗೆ ಚಪ್ಪಟೆಯಾಗಿರಬೇಕು, ಕೆಳಗಿನ ತುದಿಯಲ್ಲಿ ಕೆಲವೇ ಹರ್ಟ್ಸ್‌ವರೆಗೂ ಇಳಿಯಬೇಕು. ಕೆಳತುದಿ ಸೊಟ್ಟಗಾದರೆ ಬಾಸ್ ಬಡಿದಾಗಲೆಲ್ಲ ಸಿಗ್ನಲ್ ವಾಲುತ್ತದೆ, ಕತ್ತರಿಸಿಟ್ಟ ತುದಿಗಳು ಮಿತಿ ಮೀರುತ್ತವೆ. ಕೊನೆಗೆ ಎಲ್ಲ ಮಟ್ಟವನ್ನೂ ಇಳಿಸಬೇಕಾಗಿ ಬಂದು ನಿಲಯ ಪಕ್ಕದವರಿಗಿಂತ ಮೆತ್ತಗೆ ಕೇಳುತ್ತದೆ.

ಡಿಜಿಟಲ್ ಲಿಂಕ್‌ನಲ್ಲಿ ಎಡ–ಬಲ ಬೇರೆಬೇರೆಯಾಗಿಯೇ ಹೋಗಬಹುದು. 48 ಕಿಲೋಹರ್ಟ್ಸ್, 24 ಬಿಟ್‌ನ ಸ್ಟೀರಿಯೊಗೆ ಸೆಕೆಂಡಿಗೆ 2.304 ಮೆಗಾಬಿಟ್ ಬೇಕು. ಐಪಿ ಮೇಲೆ ಒಂದು ಮಿಲಿಸೆಕೆಂಡಿಗೊಂದು ಪ್ಯಾಕೆಟ್‌ನಂತೆ ಕಳಿಸಿದರೆ ಹೆಡರ್‌ಗಳೇ ಅರ್ಧ ಮೆಗಾಬಿಟ್‌ನಷ್ಟು ತಿನ್ನುತ್ತವೆ. 3 ಮೆಗಾಬಿಟ್ ಎಂದು ಹಿಡಿಯುವುದು ಲೇಸು. ಇಷ್ಟು ಜಾಗವಿದ್ದರೆ ಸಂಕುಚನದ ಗೋಜಿಗೆ ಹೋಗಬೇಡಿ. ಜಾಗ ಸಾಲದೆ ದನಿಯ ಒಂದಷ್ಟು ಅಂಶ ಬಿಟ್ಟು ಕುಗ್ಗಿಸುವ ಕೊಡೆಕ್ ಬಳಸಲೇಬೇಕಾದರೆ ಪ್ರೊಸೆಸರ್ ಟವರ್‌ ಬಳಿಯೇ ಇರಲಿ. ಪ್ರೊಸೆಸರ್ ಕತ್ತರಿಸಿ ಸಮ ಮಾಡಿದ ತುದಿಗಳನ್ನು ಆಮೇಲೆ ಬರುವ ಕೊಡೆಕ್ ಮತ್ತೆ ಏರುಪೇರು ಮಾಡುತ್ತದೆ, ಕೆಲವು ಡಿಬಿಗಳಷ್ಟು ಮೇಲೆ ಚಿಮ್ಮಿಸುತ್ತದೆ. ಹಾಡುಗಳೇ ಸಂಕುಚಿತ ಕಡತಗಳಾಗಿದ್ದರೆ ಎರಡನೆಯ ಕೊಡೆಕ್ ಸೇರಿದಾಗ ತಾಳದ ಸದ್ದಿಗೆ ನೀರಿನೊಳಗಿನ ಗುಳುಗುಳು ಬರುವುದೂ ಉಂಟು.

ಎಂಪಿಎಕ್ಸ್‌ ಅನ್ನೇ ಡಿಜಿಟಲ್ ಮಾಡಿ ಕಳಿಸುವ ದಾರಿಯೂ ಇದೆ. 192 ಕಿಲೋಹರ್ಟ್ಸ್‌ನಲ್ಲಿ 24 ಬಿಟ್‌ನಂತೆ ತೆಗೆದರೆ ಸೆಕೆಂಡಿಗೆ 4.6 ಮೆಗಾಬಿಟ್, ಬೇರ್ಪಡಿಕೆಯ ತಲೆನೋವು ಬಹುಪಾಲು ಹೋಗುತ್ತದೆ. ಎಂಪಿಎಕ್ಸ್‌ಗೆಂದೇ ಮಾಡಿದ ಕೊಡೆಕ್‌ಗಳೂ ಇವೆ. ಅವು ತುದಿಗಳನ್ನು ಕೆಡಿಸದೆಯೇ 320 ಕಿಲೋಬಿಟ್‌ಗೆ ಇಳಿಸುತ್ತವೆ.

ಇಲ್ಲೇ ಒಂದು ಸಣ್ಣ ಸ್ವಿಚ್ಚಿನ ಬಗ್ಗೆ ಹೇಳಿಬಿಡಬೇಕು. ಎಫ್‌ಎಂನಲ್ಲಿ ಮೇಲಿನ ಸ್ವರಗಳನ್ನು ಎತ್ತಿ ಕಳಿಸುವ ಪ್ರೀ-ಎಂಫಸಿಸ್ ಹೆಚ್ಚಿನ ದೇಶಗಳಲ್ಲಿ 50 ಮೈಕ್ರೊಸೆಕೆಂಡ್, ಅಮೆರಿಕದಲ್ಲಿ 75. ಇದು ಸರಪಳಿಯಲ್ಲಿ ಒಂದೇ ಕಡೆ ಆಗಬೇಕು. ಪ್ರೊಸೆಸರ್, ಎಕ್ಸೈಟರ್ ಎರಡರಲ್ಲೂ ಆನ್ ಇದ್ದರೆ ‘ಸ’ ಅಕ್ಷರದ ಸದ್ದು ಕಿವಿಗೆ ಚುಚ್ಚುತ್ತದೆ, ಡೀವಿಯೇಶನ್ ಮಿತಿ ಮೀರುತ್ತದೆ. ಎರಡರಲ್ಲೂ ಆಫ್ ಆದರೆ ದನಿ ಮಂಕಾಗುತ್ತದೆ. ಲಿಂಕ್ ಬದಲಿಸಿದ ದಿನ ದನಿ ಬದಲಾಯಿತು ಎಂದು ದೂರು ಬಂದರೆ ಮೊದಲು ನೋಡಬೇಕಾದ ಜಾಗ ಇದು.

ದಾರಿಯ ಲೆಕ್ಕ

ಗಾಳಿಯಲ್ಲಿ ಅಲೆ ಹರಡಿಕೊಳ್ಳುತ್ತ ಹೋಗುವುದರಿಂದ ಆಗುವ ನಷ್ಟಕ್ಕೆ ಒಂದು ಸೂತ್ರವಿದೆ: 92.45ಕ್ಕೆ ಗಿಗಾಹರ್ಟ್ಸ್‌ನಲ್ಲಿರುವ ಆವರ್ತನದ ಲಾಗ್‌ನ 20 ಪಟ್ಟು, ಕಿಲೋಮೀಟರ್‌ನಲ್ಲಿರುವ ದೂರದ ಲಾಗ್‌ನ 20 ಪಟ್ಟು ಕೂಡಿದರೆ ಬರುವುದು ಡಿಬಿಯಲ್ಲಿ ನಷ್ಟ. ದೂರ ಎರಡರಷ್ಟಾದರೆ ನಷ್ಟ ಹೆಚ್ಚುವುದು 6 ಡಿಬಿ ಮಾತ್ರ. ಅಚ್ಚರಿಯೆಂದರೆ ಲಿಂಕ್‌ಗಳನ್ನು ಕೊಲ್ಲುವುದು ಬಹುಪಾಲು ದೂರವಲ್ಲ.

ಒಂದು ಲಿಂಕನ್ನು ಪೂರ್ತಿ ಲೆಕ್ಕ ಹಾಕಿ ನೋಡೋಣ. ಆವರ್ತನ 950 ಮೆಗಾಹರ್ಟ್ಸ್, ದೂರ 20 ಕಿಲೋಮೀಟರ್. ನಷ್ಟ 118 ಡಿಬಿ. ಟ್ರಾನ್ಸ್‌ಮಿಟರ್ 5 ವಾಟ್, ಅಂದರೆ 37 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿದ ಡಿಬಿ). ಈ ಕಡೆ ಅರ್ಧ ಇಂಚಿನ ಫೋಮ್ ಕೇಬಲ್ 30 ಮೀಟರ್. ಇದಕ್ಕೆ ಈ ಆವರ್ತನದಲ್ಲಿ 100 ಮೀಟರಿಗೆ ಸುಮಾರು 7 ಡಿಬಿ ನಷ್ಟ, ಕನೆಕ್ಟರ್‌ಗಳೂ ಸೇರಿ 2.5 ಹಿಡಿಯೋಣ. ಎರಡೂ ಕಡೆ 1.8 ಮೀಟರಿನ ಜಾಲರಿ ಡಿಶ್, ತಲಾ 22 ಡಿಬಿಐ ಗೇನ್ (ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಆಂಟೆನಾಗಿಂತ ಎಷ್ಟು ಹೆಚ್ಚು ಎಂಬ ಅಳತೆ). ಟವರ್‌ ಕಡೆ 50 ಮೀಟರ್ ಕೇಬಲ್, 4 ಡಿಬಿ. 37ರಿಂದ 2.5 ಕಳೆದು, 22 ಕೂಡಿ, 118 ಕಳೆದು, 22 ಕೂಡಿ, 4 ಕಳೆದರೆ ರಿಸೀವರ್‌ಗೆ ಬರುವುದು ಮೈನಸ್ 43.5 ಡಿಬಿಎಂ, 50 ಓಮ್‌ನಲ್ಲಿ ಸುಮಾರು 1500 ಮೈಕ್ರೊವೋಲ್ಟ್. ರಿಸೀವರ್‌ಗೆ ಶುದ್ಧ ಸ್ಟೀರಿಯೊ ಕೊಡಲು 100 ಮೈಕ್ರೊವೋಲ್ಟ್, ಅಂದರೆ ಮೈನಸ್ 67 ಡಿಬಿಎಂ ಬೇಕು ಎಂದಿದ್ದರೆ ನಮ್ಮ ಬಳಿ ಉಳಿದದ್ದು 23.5 ಡಿಬಿ. ಈ ಉಳಿಕೆಯ ಹೆಸರು ಫೇಡ್ ಮಾರ್ಜಿನ್. ಲಿಂಕ್‌ನ ಗುಣ ಅಳೆಯುವುದು ಇದರಿಂದಲೇ. ಇವತ್ತು ಸಿಗ್ನಲ್ ಚೆನ್ನಾಗಿ ಬರುತ್ತಿದೆ ಎಂಬುದರಿಂದ ಏನೂ ತಿಳಿಯುವುದಿಲ್ಲ.

ಲೆಕ್ಕ ಹಾಕುವಾಗ ಆಂಟೆನಾದ ಗೇನ್ ಡಿಬಿಐನಲ್ಲಿದೆಯೋ ಡೈಪೋಲ್ ಎಂಬ ಸರಳ ಆಂಟೆನಾಗೆ ಹೋಲಿಸಿದ ಡಿಬಿಡಿಯಲ್ಲೋ ನೋಡಿಕೊಳ್ಳಿ. ಎರಡರ ನಡುವೆ 2.15 ಡಿಬಿ ಅಂತರ. ಎರಡು ತುದಿಯಲ್ಲೂ ತಪ್ಪಿದರೆ 4.3 ಡಿಬಿ ಕಾಗದದ ಮೇಲೆ ಹುಟ್ಟಿ ಗುಡ್ಡದ ಮೇಲೆ ಕಾಣೆಯಾಗುತ್ತದೆ.

ಇನ್ನು ಎದುರಿನ ಟವರ್ ದುರ್ಬೀನಿನಲ್ಲಿ ಕಂಡಿತೆಂದರೆ ದಾರಿ ತೆರವಾಗಿದೆ ಎಂದಲ್ಲ. ರೇಡಿಯೊ ಅಲೆ ಗೆರೆ ಎಳೆದಂತೆ ಹೋಗದೆ, ನಡುವೆ ಉಬ್ಬಿದ ಸೌತೆಕಾಯಿಯಂಥ ಜಾಗ ಹಿಡಿದು ಸಾಗುತ್ತದೆ. ಇದೇ ಮೊದಲ ಫ್ರೆನೆಲ್ ವಲಯ. ದಾರಿಯ ನಟ್ಟನಡುವೆ ಕಿಲೋಮೀಟರ್‌ನಲ್ಲಿರುವ ದೂರವನ್ನು ಗಿಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿ, ಬಂದದ್ದರ ವರ್ಗಮೂಲವನ್ನು 8.66ರಿಂದ ಗುಣಿಸಿದರೆ ಸಿಗುವುದು ಅದರ ತ್ರಿಜ್ಯ, ಮೀಟರ್‌ನಲ್ಲಿ. ನಮ್ಮ 20 ಕಿಲೋಮೀಟರಿಗೆ 950 ಮೆಗಾಹರ್ಟ್ಸ್‌ನಲ್ಲಿ ಅದು 39.7 ಮೀಟರ್. ಇದರ ಶೇ 60 ಭಾಗವಾದರೂ ತೆರವಿರಬೇಕು: 24 ಮೀಟರ್. ಇದರ ಮೇಲೆ ಭೂಮಿಯ ಉಬ್ಬು ಬೇರೆ. ವಾತಾವರಣ ಅಲೆಯನ್ನು ಸ್ವಲ್ಪ ಕೆಳಕ್ಕೆ ಬಾಗಿಸುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ 20 ಕಿಲೋಮೀಟರಿನ ನಡುವೆ ಸುಮಾರು 6 ಮೀಟರ್. ಅಂದರೆ ನಡುದಾರಿಯ ಮರವೋ ಕಟ್ಟಡವೋ, ಅದರ ತಲೆಯಿಂದ 30 ಮೀಟರ್ ಮೇಲೆ ನಮ್ಮ ಗೆರೆ ಹಾಯಬೇಕು. ಅದೇ ದಾರಿಗೆ 5.8 ಗಿಗಾಹರ್ಟ್ಸ್ ಬಳಸಿದರೆ ಶೇ 60ರ ಅಳತೆ 10 ಮೀಟರಿಗೆ ಇಳಿಯುತ್ತದೆ. ಎತ್ತರ ಸಾಲದ ಕಡೆ ಮೇಲಿನ ಆವರ್ತನ ನೆರವಾಗುವುದು ಹೀಗೆ. ಆದರೆ ಎಲೆಗಳು ಅಡ್ಡ ಬಂದಾಗ ಅದೇ ಮೊದಲು ಸೋಲುವುದು.

ಉಪಗ್ರಹದಿಂದ ತೆಗೆದ ಭೂಎತ್ತರದ ನಕ್ಷೆಗಳಲ್ಲಿ ದಾರಿಯ ಚಿತ್ರ ಬಿಡಿಸುವುದು ಈಗ ಕೆಲವೇ ನಿಮಿಷಗಳ ಕೆಲಸ. ಅದನ್ನೇ ನಂಬಿ ಟವರ್‌ ಹತ್ತಬೇಡಿ. ನಕ್ಷೆ ತಯಾರಾದ ಮೇಲೆ ಎದ್ದ ಕಟ್ಟಡ ಅದರಲ್ಲಿಲ್ಲ, ಮರಗಳ ಎತ್ತರವೂ ಸರಿಯಾಗಿಲ್ಲ. ದಾರಿಯಲ್ಲಿ ಅನುಮಾನದ ಜಾಗಗಳಿಗೆ ಹೋಗಿ ನೋಡಿಯೇ ತೀರಬೇಕು. ಮರ ಬೆಳೆಯುತ್ತದೆ ಎಂಬುದನ್ನೂ ಮರೆಯಬಾರದು: ಹಾಕಿದಾಗ ಚೆನ್ನಾಗಿದ್ದ ಲಿಂಕ್ ಐದಾರು ವರ್ಷದಲ್ಲಿ ಕಾರಣವಿಲ್ಲದೆ ಸೊರಗಿದ್ದರೆ, ಉಪಕರಣ ಬಿಚ್ಚುವ ಮೊದಲು ದಾರಿಯಲ್ಲಿರುವ ನೀಲಗಿರಿ ತೋಪು ನೋಡಿ ಬರಬೇಕು. ಒದ್ದೆ ಎಲೆ ಒಣ ಎಲೆಗಿಂತ ಹೆಚ್ಚು ನುಂಗುತ್ತದೆ. ಮಳೆ ನಿಂತು ಗಂಟೆ ಕಳೆದ ಮೇಲೆ ಚೇತರಿಸಿಕೊಳ್ಳುವ ಲಿಂಕ್‌ನಲ್ಲಿ ಮರವನ್ನೋ, ಕೇಬಲ್‌ನೊಳಗಿನ ನೀರನ್ನೋ ಶಂಕಿಸಬೇಕು.

ಮಾರ್ಜಿನ್ ಯಾವಾಗ ಖರ್ಚಾಗುತ್ತದೆ

ಹತ್ತು ಗಿಗಾಹರ್ಟ್ಸ್‌ಗಿಂತ ಕೆಳಗೆ ಮಳೆ ಅಂಥ ಶತ್ರುವಲ್ಲ. ಗಂಟೆಗೆ 50 ಮಿಲಿಮೀಟರಿನ ಜಡಿಮಳೆಯಲ್ಲೂ 6 ಗಿಗಾಹರ್ಟ್ಸ್‌ನಲ್ಲಿ ಕಿಲೋಮೀಟರಿಗೆ ಅರ್ಧ ಡಿಬಿಯೂ ಹೋಗುವುದಿಲ್ಲ. 18 ಗಿಗಾಹರ್ಟ್ಸ್‌ನಲ್ಲಿ ಅದೇ ಮಳೆಗೆ ಕಿಲೋಮೀಟರಿಗೆ 5 ಡಿಬಿ ಹೋಗುತ್ತದೆ. ಮಳೆ ಹೆಚ್ಚಿರುವ ಕಡೆ 18, 23 ಗಿಗಾಹರ್ಟ್ಸ್‌ನ ಲಿಂಕ್‌ಗಳನ್ನು ಕೆಲವೇ ಕಿಲೋಮೀಟರಿಗೆ ಸೀಮಿತಗೊಳಿಸುವುದು ಇದರಿಂದಾಗಿ. ಬೀಳುವ ಹನಿ ಚಪ್ಪಟೆಯಾಗಿರುವುದರಿಂದ ಅಲ್ಲಿ ಲಂಬ ಧ್ರುವೀಕರಣಕ್ಕೆ (ಅಲೆ ಮೇಲೆ–ಕೆಳಗೆ ಕಂಪಿಸುವ ಬಗೆಗೆ) ನಷ್ಟ ಸ್ವಲ್ಪ ಕಡಿಮೆ.

ಕೆಳಗಿನ ಆವರ್ತನಗಳಲ್ಲಿ ಕಾಟ ಕೊಡುವುದು ಶಾಂತ ಹವೆ. ಗಾಳಿ ಅಲ್ಲಾಡದ, ನೆಲ ತಣ್ಣಗಾಗಿ ಮೇಲೆ ಬಿಸಿಗಾಳಿಯ ಪದರ ಕೂತ ನಡುರಾತ್ರಿ, ಬೆಳಗಿನ ಜಾವ. ಆಗ ಅಲೆ ಎರಡು ಮೂರು ದಾರಿಗಳಲ್ಲಿ ಬಾಗಿ ಬಂದು ರಿಸೀವರ್‌ನಲ್ಲಿ ಒಂದನ್ನೊಂದು ಅಳಿಸುತ್ತದೆ. ಕೆಟ್ಟ ದಾರಿಗಳಿಗೆ ಬಳಸುವ ಒರಟು ಲೆಕ್ಕ ಇದು: 20 ಡಿಬಿ ಮಾರ್ಜಿನ್‌ಗೆ ಶೇ 99, 30ಕ್ಕೆ 99.9, 40ಕ್ಕೆ 99.99ರಷ್ಟು ಹೊತ್ತು ಲಿಂಕ್ ಇರುತ್ತದೆ. ಕೇಳಲು ಎಲ್ಲ ಒಂದೇ ಎನಿಸುತ್ತವೆ. ಆದರೆ 99.9 ಎಂದರೆ ವರ್ಷಕ್ಕೆ ಎಂಟು ಮುಕ್ಕಾಲು ಗಂಟೆ ಮೌನ, 99.99 ಎಂದರೆ 53 ನಿಮಿಷ. ಒಳ್ಳೆಯ ದಾರಿಗಳು ಈ ಲೆಕ್ಕಕ್ಕಿಂತ ಎಷ್ಟೋ ಚೆನ್ನಾಗಿ ನಡೆಯುತ್ತವೆ. ನೀರಿನ ಮೇಲೆ, ಚಪ್ಪಟೆ ಬಯಲಿನ ಮೇಲೆ ಹಾಯುವವು ಹತ್ತಿರ ಹತ್ತಿರ ಹೀಗೇ ಇರುತ್ತವೆ. ಕೆರೆಯ ಮೇಲಿನಿಂದ ಪ್ರತಿಫಲಿಸಿ ಬರುವ ಅಲೆ ತೊಂದರೆ ಕೊಡುತ್ತಿದ್ದರೆ ಕೆಲವೊಮ್ಮೆ ಆಂಟೆನಾ ಕೆಳಗಿಳಿಸುವುದೇ ಮದ್ದು: ಪ್ರತಿಫಲನಕ್ಕೆ ದಿಣ್ಣೆಯೊಂದು ಅಡ್ಡವಾಗಿ, ನೇರ ದಾರಿ ಮಾತ್ರ ತೆರವಾಗಿ ಉಳಿದರೆ ಸಾಕು.

ಅನಲಾಗ್ ಲಿಂಕ್ ಸಾಯುವ ಮೊದಲು ನರಳುತ್ತದೆ. ಹಿನ್ನೆಲೆಯಲ್ಲಿ ಹಿಸ್ ಏರುತ್ತದೆ, ಯಾರಾದರೂ ಗಮನಿಸುತ್ತಾರೆ. ಡಿಜಿಟಲ್ ಲಿಂಕ್ ಕೊನೆಯ ಡಿಬಿಯವರೆಗೂ ನಗುನಗುತ್ತ ಇದ್ದು ಒಮ್ಮೆಗೇ ಬೀಳುತ್ತದೆ. ಹಾಗಾಗಿ ಡಿಜಿಟಲ್‌ನಲ್ಲಿ ಕಿವಿಯನ್ನು ನಂಬದೆ ಸಿಗ್ನಲ್ ಮಟ್ಟ, ದೋಷಗಳ ಎಣಿಕೆ ಎರಡನ್ನೂ ದಿನವಿಡೀ ದಾಖಲಿಸಬೇಕು. ಸಿಗ್ನಲ್ ಇಳಿದಂತೆ ಮಾಡ್ಯುಲೇಶನ್ (ಅಲೆಗೆ ಬಿಟ್‌ಗಳನ್ನು ತುಂಬುವ ಬಗೆ) ತಾನೇ ಇಳಿಸಿಕೊಂಡು ಬದುಕುವ ಮೈಕ್ರೊವೇವ್ ರೇಡಿಯೊಗಳು ಒಳ್ಳೆಯವು. ಒಂದೇ ಷರತ್ತು, ಇಳಿದ ವೇಗದಲ್ಲೂ ಆಡಿಯೊ ಪ್ಯಾಕೆಟ್‌ಗೆ ಮೊದಲ ಸ್ಥಾನ ಇರಬೇಕು. ಇಲ್ಲದಿದ್ದರೆ ಮಳೆಯಲ್ಲಿ ಭದ್ರತಾ ಕ್ಯಾಮೆರಾದ ಚಿತ್ರ ದಾಟಿಹೋಗಿ ಹಾಡು ಈಚೆ ಉಳಿಯುತ್ತದೆ.

ಡಿಶ್ ತಿರುಗಿಸುವ ಕೆಲಸ

ಜಾಲರಿ ಡಿಶ್‌ ಅನ್ನು ಮೆಚ್ಚಲು ಕಾರಣ ಗಾಳಿಯ ಒತ್ತಡ ಕಡಿಮೆ. ಅದರ ಕಂಬಿಗಳು ಯಾವ ದಿಕ್ಕಿಗಿವೆಯೋ ನಡುವಿನ ಫೀಡ್‌ನ ಡೈಪೋಲ್ ಅದೇ ದಿಕ್ಕಿಗಿರಬೇಕು, ಎದುರು ತುದಿಯೂ ಹಾಗೆಯೇ ಇರಬೇಕು. ಒಂದು ತುದಿ ಲಂಬ, ಇನ್ನೊಂದು ಅಡ್ಡವಾದರೆ 20 ಡಿಬಿ ಅಥವಾ ಅದಕ್ಕೂ ಹೆಚ್ಚು ಹೋಗುತ್ತದೆ. ನಕ್ಷೆಯಲ್ಲಿ ಅಳೆದ ಕೋನ ಭೌಗೋಳಿಕ ಉತ್ತರದಿಂದ, ಕೈಯಲ್ಲಿರುವ ದಿಕ್ಸೂಚಿ ತೋರುವುದು ಕಾಂತೀಯ ಉತ್ತರ. ಮೇಲಾಗಿ ಕಬ್ಬಿಣದ ಟವರ್‌ ಮೇಲೆ ದಿಕ್ಸೂಚಿಯ ಮಾತಿಗೆ ಬೆಲೆ ಇಲ್ಲ. ದೂರದ ಗುರುತೊಂದನ್ನು ನೆಲದ ಮೇಲೆಯೇ ಆರಿಸಿಕೊಂಡು ಹತ್ತುವುದು ವಾಸಿ.

1.8 ಮೀಟರಿನ ಡಿಶ್‌ಗೆ 950 ಮೆಗಾಹರ್ಟ್ಸ್‌ನಲ್ಲಿ ಕಿರಣದ ಅಗಲ 12 ಡಿಗ್ರಿ, ಕೈಅಂದಾಜಿಗೂ ಸಿಗುತ್ತದೆ. 60 ಸೆಂಟಿಮೀಟರಿನ ಡಿಶ್‌ಗೆ 18 ಗಿಗಾಹರ್ಟ್ಸ್‌ನಲ್ಲಿ ಬರೀ 2 ಡಿಗ್ರಿ. ಅಲ್ಲಿ ಪಕ್ಕದ ಕಿರಣಕ್ಕೆ ಸಿಕ್ಕಿಕೊಳ್ಳುವುದು ಸುಲಭ: ಡಿಶ್ ಆಚೀಚೆ ತಿರುಗಿಸಿದಾಗ ಸಿಗ್ನಲ್ ಏರಿ ಇಳಿಯುತ್ತದೆ, ತುದಿ ಸಿಕ್ಕಿತೆಂದು ಬೋಲ್ಟ್ ಬಿಗಿದರೆ ನಿಜವಾದ ತುದಿ ಇನ್ನೂ ಆಚೆ, 20 ಡಿಬಿ ಮೇಲಿರುತ್ತದೆ. ಅದಕ್ಕೇ ಅಡ್ಡಕ್ಕೆ ಪೂರ್ತಿ ಒಂದು ಸುತ್ತು ನೋಡಿ ಮೂರು ಶಿಖರಗಳನ್ನು ಗುರುತಿಸಬೇಕು, ನಡುವಿನ ಎತ್ತರದ್ದಕ್ಕೆ ಮರಳಬೇಕು, ಆಮೇಲೆ ಮೇಲೆ–ಕೆಳಗೆ. ಒಂದು ತುದಿಯವರು ತಿರುಗಿಸುವಾಗ ಇನ್ನೊಂದು ತುದಿಯವರು ಕೈ ಕಟ್ಟಿ ನಿಲ್ಲಬೇಕು. ಬೋಲ್ಟ್ ಬಿಗಿಯುವಾಗ ಡಿಶ್ ಜರುಗುತ್ತದೆ. ಬಿಗಿದಾದ ಮೇಲೆ ಮತ್ತೊಮ್ಮೆ ಮಟ್ಟ ನೋಡಿಯೇ ಇಳಿಯಬೇಕು.

ಬಂದ ಮಟ್ಟವನ್ನು ಲೆಕ್ಕದ ಜತೆ ಹೋಲಿಸಿ. ಎರಡು ಮೂರು ಡಿಬಿ ಹೆಚ್ಚುಕಡಿಮೆ ಇದ್ದರೆ ಸರಿ. 6 ಡಿಬಿ ಕಡಿಮೆಯಿದ್ದರೆ ದಾರಿಯಲ್ಲಿ ಏನೋ ಗೆರೆಯನ್ನು ಸವರುತ್ತಿದೆ; ಚೂಪಾದ ಅಡ್ಡಿಯೊಂದು ಸರಿಯಾಗಿ ಗೆರೆ ಮುಟ್ಟುವಷ್ಟಿದ್ದಾಗ ಆಗುವ ನಷ್ಟ ಅಷ್ಟೇ. 20ರ ಆಸುಪಾಸಿನಲ್ಲಿ ಕಡಿಮೆಯಿದ್ದರೆ ಧ್ರುವೀಕರಣ ತಪ್ಪಿದೆ ಇಲ್ಲವೇ ಪಕ್ಕದ ಕಿರಣ ಹಿಡಿದಿದ್ದೀರಿ. ಸರಿಯಾದ ಸಂಖ್ಯೆ ಸಿಕ್ಕ ಮೇಲೆ ಅದನ್ನು ದಿನಾಂಕ ಸಮೇತ ರಿಸೀವರ್ ಮೇಲೆ ಚೀಟಿ ಬರೆದು ಅಂಟಿಸಿ. ಮೂರು ವರ್ಷದ ನಂತರ ಬರುವವರಿಗೆ ಅದಕ್ಕಿಂತ ಬೆಲೆಬಾಳುವ ದಾಖಲೆ ಇನ್ನೊಂದಿಲ್ಲ.

ನೀರು, ಸಿಡಿಲು, ನೆರೆಯ ಟ್ರಾನ್ಸ್‌ಮಿಟರ್

ಲಿಂಕ್‌ನ ರೋಗಗಳಲ್ಲಿ ಹೆಚ್ಚಿನವು ಡಿಶ್‌ನ ಹಿಂದೆ ಕೇಬಲ್ ಜೋಡಿಸುವ ಎನ್ ಮಾದರಿಯ ಕನೆಕ್ಟರ್‌ನಲ್ಲೇ ಹುಟ್ಟುತ್ತವೆ. ಅದಕ್ಕೆ ಮೊದಲು ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಬೇಕು, ಅದರ ಮೇಲೆ ಬಿಸಿಲು ತಡೆಯುವ ವಿನೈಲ್ ಟೇಪು. ಕೊನೆಯ ಸುತ್ತು ಕೆಳಗಿನಿಂದ ಮೇಲಕ್ಕೆ ಬರಲಿ. ಆಗ ಪದರಗಳು ಹೆಂಚಿನಂತೆ ನೀರನ್ನು ಹೊರಕ್ಕೆ ಜಾರಿಸುತ್ತವೆ. ಕಟ್ಟಡದೊಳಗೆ ಹೋಗುವ ಮೊದಲು ಕೇಬಲ್ ಒಮ್ಮೆ ಕೆಳಕ್ಕೆ ಬಾಗಿ ಮೇಲೇಳಬೇಕು, ನೀರು ಅಲ್ಲೇ ತೊಟ್ಟಿಕ್ಕಲಿ.

ನೀರು ಹೊಕ್ಕಿದೆಯೇ ಎಂದು ಬುಡದಲ್ಲಿ ನಿಂತು, ಹಿಂದಿರುಗುವ ಶಕ್ತಿ ಎಷ್ಟೆಂದು ತೋರುವ ಎಸ್‌ಡಬ್ಲ್ಯುಆರ್ ಮೀಟರ್ ನೋಡಿದರೆ ಮೋಸ ಹೋಗುತ್ತೀರಿ. ಕೇಬಲ್ ನಷ್ಟ 4 ಡಿಬಿ ಇರುವಾಗ ಮೇಲಿನ ಕನೆಕ್ಟರ್ ಕಳಚಿಬಿದ್ದು ಎಲ್ಲ ಶಕ್ತಿ ಹಿಂದಿರುಗಿದರೂ, ಹೋಗಿ ಬರುವ ದಾರಿಯ ನಷ್ಟ ಸೇರಿ ಬುಡದಲ್ಲಿ ಕಾಣುವುದು 8 ಡಿಬಿ ರಿಟರ್ನ್ ಲಾಸ್ (ಇದು ಹೆಚ್ಚಿದಷ್ಟೂ ಹಿಂದಿರುಗುವ ಶಕ್ತಿ ಕಡಿಮೆ). ಆಗಲೂ ಏನೋ ತಪ್ಪಿದೆ ಎಂದು ತಿಳಿಯುತ್ತದೆ. ಆದರೆ ನೀರು ಕುಡಿದು ಕೇಬಲ್ ನಷ್ಟವೇ 10 ಡಿಬಿಗೆ ಏರಿದ್ದರೆ, ಮೇಲೆ ಆಂಟೆನಾ ಇಲ್ಲದಿದ್ದರೂ ಮೀಟರ್ 20 ಡಿಬಿ ತೋರುತ್ತದೆ, ಎಸ್‌ಡಬ್ಲ್ಯುಆರ್ 1.2. ಕೇಬಲ್ ಕೆಟ್ಟಷ್ಟೂ ಮೀಟರ್ ಶಹಬ್ಬಾಸ್ ಎನ್ನುತ್ತದೆ. ನಂಬಬೇಕಾದದ್ದು ಎದುರು ತುದಿಯ ಸಿಗ್ನಲ್ ಮಟ್ಟವನ್ನು, ಅಥವಾ ಕೇಬಲ್ ಉದ್ದಕ್ಕೂ ದೋಷದ ಜಾಗ ತೋರಿಸುವ ಅನಲೈಜರನ್ನು.

ಸಿಡಿಲಿಗೆ ಕೇಬಲ್‌ನ ಹೊರಕವಚವನ್ನು ಟವರ್‌ಗೆ ಮೇಲೆ ಒಮ್ಮೆ, ಕೆಳಗೆ ಬಾಗುವ ಮುನ್ನ ಒಮ್ಮೆ, ಕಟ್ಟಡ ಹೊಗುವಲ್ಲಿ ಒಮ್ಮೆ ಅರ್ಥಿಂಗ್ ಮಾಡಬೇಕು. ಎಲ್ಲ ಅರ್ಥಿಂಗ್‌ಗಳೂ ಒಂದಕ್ಕೊಂದು ಕೂಡಿರಬೇಕು. ಬೇರೆ ಬೇರೆ ಗುಂಡಿಗಳಿಗೆ ಇಳಿಸಿದರೆ ಸಿಡಿಲು ಬಡಿದಾಗ ಎರಡರ ನಡುವಿನ ಸಾವಿರಾರು ವೋಲ್ಟ್ ರಿಸೀವರ್‌ ಮೂಲಕವೇ ಹರಿಯುತ್ತದೆ.

ಟವರ್‌ ಬಳಿಯ ಇನ್ನೊಂದು ಕಷ್ಟ ನಮ್ಮದೇ ಟ್ರಾನ್ಸ್‌ಮಿಟರ್. ಮೈಕ್ರೊವೋಲ್ಟ್ ಕೇಳಲು ಕೂತ ರಿಸೀವರ್‌ನ ಪಕ್ಕದಲ್ಲೇ ಕಿಲೋವಾಟ್‌ಗಳು ಹೊರಡುತ್ತಿರುತ್ತವೆ. ಟ್ರಾನ್ಸ್‌ಮಿಟರ್ ಆಫ್ ಮಾಡಿದಾಗ ಲಿಂಕ್ ಚೆನ್ನಾಗಿದ್ದು ಆನ್ ಮಾಡಿದಾಗ ಕೆಟ್ಟರೆ ರಿಸೀವರ್ ಮುಂದೆ ಲಿಂಕ್‌ನ ಆವರ್ತನವನ್ನಷ್ಟೇ ಬಿಡುವ ಬ್ಯಾಂಡ್‌ಪಾಸ್ ಕ್ಯಾವಿಟಿ ಫಿಲ್ಟರ್ ಬೇಕು. ಆದರೆ ಬರುತ್ತಿರುವುದು ಹಾರ್ಮೋನಿಕ್ (ಪ್ರಸಾರದ ಆವರ್ತನದ ಎರಡು, ಮೂರು ಪಟ್ಟಿನಂಥ ಗುಣಕ) ಆಗಿದ್ದರೆ ಅದರಿಂದ ಫಲವಿಲ್ಲ. ಅಮೆರಿಕದಲ್ಲಿ ಎಸ್‌ಟಿಎಲ್‌ಗೆ ಮೀಸಲಾದ ಬ್ಯಾಂಡ್ 944ರಿಂದ 952 ಮೆಗಾಹರ್ಟ್ಸ್, 94.5ರಲ್ಲಿರುವ ನಿಲಯದ ಹತ್ತನೆಯ ಹಾರ್ಮೋನಿಕ್ ಸರಿಯಾಗಿ 945ರಲ್ಲಿ ಬಂದು ಕೂರುತ್ತದೆ. ಅದನ್ನು ಟ್ರಾನ್ಸ್‌ಮಿಟರ್‌ನ ಹೊರದಾರಿಯಲ್ಲೇ ಲೋಪಾಸ್ ಫಿಲ್ಟರ್‌ನಿಂದ ತಡೆಯಬೇಕು, ಇಲ್ಲವೇ ಲಿಂಕ್‌ಗೆ ಬೇರೆ ಆವರ್ತನ ಆರಿಸಬೇಕು.

ಮೀಡಿಯಂ ವೇವ್‌ನಲ್ಲಿ ಟವರ್‌ ಪೂರ್ತಿ ಆಂಟೆನಾ. ಪಿಂಗಾಣಿ ಇನ್ಸುಲೇಟರ್ ಮೇಲೆ ನಿಂತ ಅದಕ್ಕೆ ಡಿಶ್ ಕಟ್ಟಿ ಕೇಬಲ್ ಇಳಿಸಿದರೆ ಇಡೀ ಆಂಟೆನಾವನ್ನು ನೆಲಕ್ಕೆ ಜೋಡಿಸಿದಂತೆ. ನಡುವೆ, ಲಿಂಕ್‌ನ ಸಿಗ್ನಲ್ ದಾಟಿಸಿ ಮೀಡಿಯಂ ವೇವ್ ತಡೆಯುವ ಐಸೊಕಪ್ಲರ್ ಹಾಕುವುದು ಒಂದು ದಾರಿ. ಪಕ್ಕದಲ್ಲಿ ಬೇರೆ ಕಂಬ ನೆಟ್ಟು ಅದರ ಮೇಲೆ ಡಿಶ್ ಇಡುವುದು ಇನ್ನೂ ಸುಖದ ದಾರಿ.

ಐಪಿ ರೇಡಿಯೊ ತಂದ ಹೊಸ ಕಾಟಗಳು

5.8 ಗಿಗಾಹರ್ಟ್ಸ್‌ನ ಪರವಾನಗಿ ಬೇಡದ ರೇಡಿಯೊಗಳು ಅಗ್ಗ, ಹತ್ತಾರು ಮೆಗಾಬಿಟ್ ಕೊಡುತ್ತವೆ, ಎರಡೂ ದಿಕ್ಕಿಗೆ ಓಡುತ್ತವೆ. ಪರವಾನಗಿ ಬೇಡ ಎಂಬುದರ ಇನ್ನೊಂದು ಅರ್ಥ, ನಾಳೆ ಯಾರಾದರೂ ಅದೇ ಚಾನಲ್‌ನಲ್ಲಿ ಎದುರು ನಿಂತರೆ ದೂರು ಕೊಡಲು ಜಾಗವಿಲ್ಲ. ಬದಲಿ ದಾರಿಯಾಗಿ ಇವು ಚೆನ್ನ; ಮುಖ್ಯ ದಾರಿಗೆ ಪರವಾನಗಿಯಿರುವ ಆವರ್ತನವೇ ಇರಲಿ.

5 ಗಿಗಾಹರ್ಟ್ಸ್ ಬ್ಯಾಂಡ್‌ನ ಹಲವು ಚಾನಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ಅಲ್ಲಿ ಕೆಲಸ ಮಾಡುವ ರೇಡಿಯೊ ರೇಡಾರ್‌ನಂಥ ಸದ್ದು ಕೇಳಿದ ಕೂಡಲೇ ಚಾನಲ್ ಬಿಟ್ಟೇಳಬೇಕು. ಅಂಥದ್ದೇ ಇನ್ನೊಂದು ಚಾನಲ್‌ಗೆ ಹೋದರೆ 60 ಸೆಕೆಂಡ್ ಕಿವಿಗೊಟ್ಟು ಕಾಯಬೇಕು. ವೆಬ್‌ಪುಟ ನೋಡುವವರಿಗೆ ಅದು ಲೆಕ್ಕಕ್ಕಿಲ್ಲ, ರೇಡಿಯೊಗೆ ಪೂರ್ತಿ ಒಂದು ನಿಮಿಷದ ಮೌನ. ಅಕಾರಣವಾಗಿ ಸರಿಯಾಗಿ ಒಂದು ನಿಮಿಷ ಬಿದ್ದು ಏಳುವ ಲಿಂಕ್‌ನ ಲಾಗ್‌ನಲ್ಲಿ ಮೊದಲು ಇದನ್ನೇ ಹುಡುಕಿ.

ಡಿಶ್‌ನಿಂದ ಇಳಿಯುವ ಎಥರ್ನೆಟ್ ಕೇಬಲ್ ಕೂಡ ಒಂದು ಆಂಟೆನಾವೇ. ಗಿಗಾಬಿಟ್ ಎಥರ್ನೆಟ್‌ನ ಸಿಗ್ನಲ್ ಎಫ್‌ಎಂ ಬ್ಯಾಂಡಿನ ನೆರೆಯಲ್ಲೇ ಇರುವುದರಿಂದ ಟ್ರಾನ್ಸ್‌ಮಿಟರ್ ಪೂರ್ಣ ಶಕ್ತಿಗೆ ಬಂದಾಗ ಸ್ವಿಚ್ಚಿನಲ್ಲಿ ಸಿಆರ್‌ಸಿ ದೋಷಗಳು, ಅಂದರೆ ಕೆಟ್ಟುಬಂದ ಪ್ಯಾಕೆಟ್‌ಗಳು, ಏರುತ್ತವೆ, ಪೋರ್ಟ್ 100ಕ್ಕೋ 10 ಮೆಗಾಬಿಟ್‌ಗೋ ಇಳಿದು ಕೂರುತ್ತದೆ. ಕವಚವಿರುವ ಕೇಬಲ್, ಫೆರೈಟ್ ಉಂಗುರಗಳು ಸ್ವಲ್ಪ ಮಟ್ಟಿಗೆ ನೆರವಾಗುತ್ತವೆ. ಗಟ್ಟಿ ಪರಿಹಾರವೆಂದರೆ ಟವರ್‌ ಮೇಲಕ್ಕೆ ಫೈಬರ್, ಕರೆಂಟಿಗೆ ಬೇರೆ ಡಿಸಿ ತಂತಿ.

ಹೊಸಬರನ್ನು ವಾರಗಟ್ಟಲೆ ಕಾಡುವುದು ಗಡಿಯಾರದ ಸಮಸ್ಯೆ. ಸ್ಟುಡಿಯೊದ ಪೆಟ್ಟಿಗೆ ತನ್ನ ಸ್ಫಟಿಕದ ಲಯದಲ್ಲಿ ಸೆಕೆಂಡಿಗೆ 48,000 ಮಾದರಿ ಕಳಿಸುತ್ತದೆ, ಟವರ್‌ನ ಪೆಟ್ಟಿಗೆ ತನ್ನ ಲಯದಲ್ಲಿ ನುಡಿಸುತ್ತದೆ. ಎರಡರ ನಡುವೆ ಹತ್ತು ಲಕ್ಷಕ್ಕೆ 20ರಷ್ಟು ಅಂತರವಿದ್ದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮಾದರಿ ಮಿಕ್ಕುತ್ತದೆ ಅಥವಾ ಸಾಲದಾಗುತ್ತದೆ. ಬಂದ ಮಾದರಿಗಳನ್ನು ನುಡಿಸುವವರೆಗೆ ಹಿಡಿದಿಡುವ ಬಫರ್ 100 ಮಿಲಿಸೆಕೆಂಡ್ ಇದ್ದರೆ ಅದರಲ್ಲಿರುವುದು 4,800 ಮಾದರಿ. 5,000 ಸೆಕೆಂಡಿಗೆ, ಅಂದರೆ ಒಂದು ಗಂಟೆ 23 ನಿಮಿಷಕ್ಕೊಮ್ಮೆ ಬಫರ್ ಬರಿದಾಗಿ ದನಿ ಟಕ್ ಎಂದು ಜಿಗಿಯುತ್ತದೆ. ಪ್ಯಾಕೆಟ್ ಒಂದೂ ಕಳೆದಿರುವುದಿಲ್ಲ, ಸಿಗ್ನಲ್ ಮಟ್ಟ ಸೊಗಸಾಗಿರುತ್ತದೆ. ಬಫರ್ ಹಿಗ್ಗಿಸಿದರೆ ಜಿಗಿತದ ನಡುವಿನ ಅಂತರ ಹೆಚ್ಚುತ್ತದೆಯೇ ವಿನಾ ರೋಗ ಹೋಗುವುದಿಲ್ಲ. ತಪ್ಪದ ಅಂತರದಲ್ಲಿ ಬರುವ ಜಿಗಿತವೇ ಇದರ ಗುರುತು. ಪ್ಯಾಕೆಟ್ ನಷ್ಟದ ಜಿಗಿತ ಹೊತ್ತುಗೊತ್ತಿಲ್ಲದೆ ಬರುತ್ತದೆ. ಟವರ್‌ನ ಪೆಟ್ಟಿಗೆ ಬರುವ ಹರಿವಿನಿಂದಲೇ ಲಯ ಕಲಿಯುವಂತೆ ಮಾಡಬೇಕು, ಅಥವಾ ಎರಡೂ ಕಡೆ ಜಿಪಿಎಸ್‌ ಗಡಿಯಾರ ಕೊಡಬೇಕು.

ಬಿದ್ದಾಗ ಏನಾಗಬೇಕು

ಬದಲಿ ದಾರಿ ಮೊದಲನೆಯದರ ಟವರ್‌, ಕರೆಂಟು, ಸ್ವಿಚ್ಚು ಯಾವುದನ್ನೂ ಹಂಚಿಕೊಳ್ಳದಿದ್ದಾಗ ಮಾತ್ರ ಬದಲಿ. ಟವರ್‌ ಬಳಿ ಒಂದು ಪ್ಲೇಯರ್‌ನಲ್ಲಿ ಕೆಲವು ಗಂಟೆಗಳ ಕಾರ್ಯಕ್ರಮ ಇಟ್ಟು, ಮೌನ ಪತ್ತೆ ಮಾಡುವ ಪೆಟ್ಟಿಗೆಯಿಂದ 20–30 ಸೆಕೆಂಡಿಗೆ ಅದು ತಾನೇ ಶುರುವಾಗುವಂತೆ ಮಾಡುವುದು ಕೊನೆಯ ಮೆಟ್ಟಿಲು.

ಆದರೆ ಅನಲಾಗ್ ರಿಸೀವರ್‌ ಕ್ಯಾರಿಯರ್ (ದನಿ ಹೊರುವ ಅಲೆ) ಕಳೆದುಕೊಂಡಾಗ ಮೌನವಾಗುವುದಿಲ್ಲ, ಭೋರ್ಗರೆಯುತ್ತದೆ. ಮೌನ ಪತ್ತೆಯ ಪೆಟ್ಟಿಗೆಗೆ ಅದು ಜೋರಾದ ಹಾಡು! ರಿಸೀವರ್‌ನ ಮ್ಯೂಟ್ ರಿಲೇಯನ್ನು ಬದಲಾವಣೆಯ ಸ್ವಿಚ್ಚಿಗೆ ಜೋಡಿಸದಿದ್ದರೆ ಊರೆಲ್ಲ ಭೋರ್ಗರೆತ ಕೇಳುತ್ತಲೇ ಇರುತ್ತದೆ. ಇದಕ್ಕಿಂತ ವಿಚಿತ್ರವಾದದ್ದೂ ನಡೆಯುತ್ತದೆ: ನಮ್ಮ ಲಿಂಕ್ ಬಿದ್ದಾಗ ಅದೇ ಆವರ್ತನದ ದೂರದ ಇನ್ನೊಂದು ನಿಲಯದ ಲಿಂಕ್ ರಿಸೀವರ್‌ಗೆ ಕೇಳಿಸಿ, ಅವರ ಕಾರ್ಯಕ್ರಮ ನಮ್ಮ ಟವರ್‌ನಿಂದ ಹೊರಡುತ್ತದೆ. ಎಫ್‌ಎಂ ರಿಸೀವರ್ ಇರುವುದರಲ್ಲಿ ಬಲವಾದದ್ದನ್ನು ಹಿಡಿಯುವುದರಿಂದ ನಮ್ಮದಿರುವಷ್ಟು ಹೊತ್ತು ಅವರದು ಸುಳಿವು ಕೊಡುವುದಿಲ್ಲ. ಮ್ಯೂಟ್ ಆಗುವ ಮಟ್ಟವನ್ನು ಕಾರ್ಖಾನೆಯಲ್ಲಿ ಇಟ್ಟಂತೆ ಬಿಡದೆ, ಶುದ್ಧ ಸ್ಟೀರಿಯೊ ಸಿಗುವ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಇಟ್ಟುಕೊಂಡರೆ ಇದು ತಪ್ಪುತ್ತದೆ.

ಈ ವ್ಯವಸ್ಥೆಯನ್ನು ಪರೀಕ್ಷಿಸಲು ಮೆನುವಿನಲ್ಲಿ ಗುಂಡಿ ಒತ್ತುವುದು ಸಾಲದು. ಕೇಳುಗರು ಕಡಿಮೆಯಿರುವ ಹೊತ್ತಿನಲ್ಲಿ ಸ್ಟುಡಿಯೊ ಕಡೆಯ ಲಿಂಕ್ ಟ್ರಾನ್ಸ್‌ಮಿಟರ್‌ನ ಕರೆಂಟನ್ನೇ ತೆಗೆಯಬೇಕು. ಬದಲಿಗೆ ಎಷ್ಟು ಸೆಕೆಂಡಿನಲ್ಲಿ ಹೊರಳಿತು, ದನಿಯ ಮಟ್ಟ ಒಂದು ಡಿಬಿಗಿಂತ ಹೆಚ್ಚು ಜಿಗಿಯಿತೇ, ಎಡ–ಬಲ ಅದಲುಬದಲಾಯಿತೇ ನೋಡಬೇಕು. ಆಮೇಲೆ ಟವರ್‌ ಬಳಿಯೂ ಯುಪಿಎಸ್‌ನ ಹೊರಗಿನ ಕರೆಂಟನ್ನು ಐದು ಸೆಕೆಂಡ್ ತೆಗೆದು ಕೊಡಬೇಕು. ರಿಸೀವರ್, ಎಕ್ಸೈಟರ್ ಎಲ್ಲ ಯುಪಿಎಸ್‌ನಲ್ಲಿದ್ದು, ನಡುವಿನ ಪುಟ್ಟ ನೆಟ್‌ವರ್ಕ್ ಸ್ವಿಚ್ಚೊಂದು ಮಾತ್ರ ಗೋಡೆಯ ಪ್ಲಗ್ಗಿನಲ್ಲಿ ಉಳಿದು, ಎರಡು ನಿಮಿಷ ಬೂಟ್ ಆಗುತ್ತ ಕೂರುವುದು ಆಗಲೇ ಕಣ್ಣಿಗೆ ಬೀಳುವುದು.